ಸೂತಕದಲ್ಲಿ ಕಂಡ ಹಳದಿ

ಗುರುಪುರ, ಹುಣಸೂರು ತಾಲ್ಲೂಕು
28 ಜನವರಿ 2024

ಅತ್ತೆಗೆ ರಮ್ಯಾ ಮಾಡುವ ನಮಸ್ಕಾರ.

ನಿಮ್ಮ ಮೊಮ್ಮಗ ಹುಟ್ಟಿ ಎರಡು ವಾರದ ಮೇಲಾಯಿತು. ಈ ಕಾಗದ ಆಗಲೇ ಬರೆಯಬೇಕಿತ್ತು. ಮನೆಯಲ್ಲಿದ್ದಾಗ ನಾವಿಬ್ಬರೂ ಸ್ಲೇಟಿನ ಮೇಲೆ ಬರೆದುಕೊಂಡೇ ಮಾತಾಡಿದವರು, ಈಗ ನಿಮ್ಮ ಕಿವಿಗೆ ಫೋನು ಹಿಡಿಸಿ ಕೂಗಿದರೆ ಏನು ಪ್ರಯೋಜನ? ಸಾಲದ್ದಕ್ಕೆ ನನ್ನ ಫೋನು ಅವ್ವನ ಟ್ರಂಕು ಸೇರಿದೆ. "ಬಾಣ್ತಿ ಫೋನ್ ನೋಡುದ್ರೆ ಕಣ್ ಮಂಜಾಯ್ತವೆ ಕಣವ್ವ" ಅಂತಾಳೆ. ಕಾಗದ ಬರೆದರೆ ಮಂಜಾಗಲ್ಲವಾ ಅಂತ ಕೇಳಿದೆ. "ನಿಮ್ಮತ್ತೆಗಾದ್ರೆ ಬರಿ" ಅಂದಳು. ನಿಮ್ಮ ಹೆಸರು ಹೇಳಿದರೆ ಈ ಮನೆಯಲ್ಲಿ ಕೆಲವು ಕಾಯಿದೆ ಸಡಿಲವಾಗುತ್ತವೆ.

ಉಳಿದ ಕಾಯಿದೆಗಳು ಹಾಗೇ ಇವೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿಗೆ ಗೋಣಿಚೀಲ. ಹಗಲಲ್ಲೂ ಕೋಣೆಯೊಳಗೆ ಮಬ್ಬುಗತ್ತಲು. ತಣ್ಣೀರು ಮುಟ್ಟುವಂತಿಲ್ಲ, ಕೂಸಿನ ಒಂದು ಬಟ್ಟೆಯನ್ನೂ ನಾನು ಹಿಂಡುವಂತಿಲ್ಲ. ಅದೆಲ್ಲ ಅವ್ವನದೇ ಕೆಲಸ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬಟ್ಟೆ ಒಗೆದು ತಂತಿ ಮೇಲೆ ಹರವಿರುತ್ತಾಳೆ.

ಕೂಸಿಗೆ ಎರಡು ಹೊತ್ತೂ ಎಣ್ಣೆ ಅರಿಶಿನದ ಸ್ನಾನ. ನೆತ್ತಿಯಿಂದ ಅಂಗಾಲಿನವರೆಗೆ ಒಂದಿಷ್ಟೂ ಬಿಡುವುದಿಲ್ಲ. ಶುಂಠಿ ಲೋಡು ತುಂಬಿಕೊಂಡು ನಾಗಪುರಕ್ಕೆ ಹೊರಡುವ ಮುಂಚೆ ನಿಮ್ಮ ಮಗ ಬಂದಿದ್ದರು. "ಇದೇನತ್ತೆ, ಮಗೀನ ಧಾರೆಗೆ ಕೂರುಸ್ತೀರಾ" ಅಂತ ನಕ್ಕರು. ಅವ್ವ ಬಿಡಲಿಲ್ಲ. "ಲಾರಿಗೆ ಎಂಗೆ ಪೇಂಟ್ ಒಡುಸ್ತಿಯೋ ಅಂಗೇ ಇದೂನೂವೆ" ಅಂದಳು. ಕೂಸು ಚೆನ್ನಾಗಿ ಹಾಲು ಕುಡಿಯುತ್ತೆ. ಬಣ್ಣ ಮಾತ್ರ ಇನ್ನೂ ಗೊತ್ತಾಗಿಲ್ಲ, ಅರಿಶಿನ ಮೆತ್ತಿಕೊಂಡೇ ಇರುವುದರಿಂದ. ನಿಮ್ಮ ಹಾಗೆ ಕಪ್ಪಗಾದರೂ ಸರಿ, ನನ್ನ ಹಾಗಾದರೂ ಸರಿ.

ನಿಮ್ಮ ಕಾಲು ಹೇಗಿದೆ, ಬರೆಯಿರಿ.

ರಮ್ಯಾ

•

ಹೊಸ ಅಗ್ರಹಾರ, ಕೆ.ಆರ್. ನಗರ ತಾಲ್ಲೂಕು
2 ಫೆಬ್ರವರಿ 2024

ರಮ್ಯಾಗೆ ಆಶೀರ್ವಾದ.

ಕಾಗದ ಬಂತು. ಅಕ್ಷರ ಸೊಟ್ಟಗಿದೆ, ಮಲಗಿಕೊಂಡು ಬರೆದಿದ್ದೀಯ. ಎದ್ದು ಕೂತು ಬರಿ.

ಕಾಲು ಪ್ಲಾಸ್ಟರ್ ಒಳಗಿದೆ. ಇನ್ನು ಆರು ವಾರ ಅಂದಿದ್ದಾರೆ. ಕೊಟ್ಟಿಗೆಯಲ್ಲಿ ಸಗಣಿ ಮೇಲೆ ಜಾರಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆ ಬೇಕಿರಲಿಲ್ಲ. ಮೊಮ್ಮಗನನ್ನು ನೋಡಲು ನಾನು ಬಂದಿಲ್ಲ ಅನ್ನುವುದನ್ನು ಬೀಗಿತ್ತಿಯವರು ಬಿಂಕ ಅಂತ ತಿಳಿಯಬಾರದು. ಕಾಲಿನ ವಿಷಯ ಅವರಿಗೆ ಇನ್ನೊಂದು ಸಲ ಹೇಳು. ಹಸುವಿನ ಹಾಲು ಕರೆಯಲು ಪಕ್ಕದ ಮನೆ ಮೂರ್ತಿಯ ಹೆಂಡತಿ ಬರುತ್ತಾಳೆ.

ಚಲುವರಾಜು ಲಾರಿ ಹತ್ತುವ ಮುಂಚೆ ಮೂರ್ತಿಯ ಫೋನಿಗೆ ಕೂಸಿನ ಫೋಟೋ ಕಳಿಸಿದ್ದ. ಹಳದಿಯಾಗಿ ಕಂಡಿತು. ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದೇನೋ, ಇಲ್ಲ ನಿನ್ನ ಅವ್ವನ ಅರಿಶಿನವೇನೋ. ಅದೇನೂ ದೊಡ್ಡ ವಿಷಯವಲ್ಲ. ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕರ್ಧ ಹಳದಿಯಾಗುತ್ತವೆ, ತಾನಾಗಿ ಹೋಗುತ್ತೆ. ಅಂಗನವಾಡಿಯಲ್ಲಿ ಮುಕ್ಕಾಲು ಆಯಸ್ಸು ಕಳೆದವಳು ಹೇಳುತ್ತಿದ್ದೇನೆ. ಆ ಗೋಣಿಚೀಲ ಕಿತ್ತು ಹಾಕಿ ಬೆಳಗಿನ ಎಳೆಬಿಸಿಲಿಗೆ ಹಿಡಿಯಿರಿ. ತೂಕ ಎಷ್ಟಿದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ಬರಿ.

ನನ್ನ ಹಾಗೆ ಕಪ್ಪಗಾದರೂ ಸರಿ ಅಂದಿದ್ದೀಯ. ಬಹಳ ದೊಡ್ಡ ಮನಸ್ಸು.

ಪ್ರಮೀಳಾ

•

ಗುರುಪುರ
10 ಫೆಬ್ರವರಿ 2024

ಅತ್ತೆಗೆ ನಮಸ್ಕಾರ.

ಎದ್ದು ಕೂತು ಬರೆಯುತ್ತಿದ್ದೇನೆ. ಅಕ್ಷರ ನೋಡಿ ಮಾರ್ಕು ಕೊಡಿ.

ಗೋಣಿಚೀಲ ತೆಗೆಸುವ ಮಾತಿಗೆ ಅವ್ವ ಒಪ್ಪಲಿಲ್ಲ. ಬಿಸಿಲಿಗೆ ಒಪ್ಪಿದಳು. ದಿನಾ ಬೆಳಿಗ್ಗೆ ಎಣ್ಣೆ ಅರಿಶಿನ ಹಚ್ಚಿ ಅವಳೇ ಜಗಲಿ ಮೇಲೆ ಸ್ವಲ್ಪ ಹೊತ್ತು ಕೂರುತ್ತಾಳೆ, ನನ್ನನ್ನು ಹೊರಗೆ ಬಿಡುವುದಿಲ್ಲ. ತೂಕ ಏರುತ್ತಿದೆಯಂತೆ, ಬಹಳ ಅಲ್ಲ, ಪರವಾಗಿಲ್ಲ ಅಂದರು ಆಶಾ ಅಕ್ಕ.

ಒಂದು ತಮಾಷೆ ಬರೆಯಬೇಕು. ಅವ್ವ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ, ಅವಳ ಮೊಮ್ಮಗನಂಥ ಕೂಸು ಈ ಬೀದಿಯಲ್ಲೇ ಇಲ್ಲವಂತೆ. ಯಾಕೆ ಗೊತ್ತಾ? ಬಟ್ಟೆಗೆ ಕಲೆಯೇ ಹಿಡಿಯಲ್ಲವಂತೆ! "ಬ್ಯಾರೆ ಮಕ್ಳು ಬಟ್ಟೆ ಉಜ್ಜಿ ಉಜ್ಜಿ ಕೈ ಬಿದ್ದೋಯ್ತವೆ. ನಮ್ ಕೂಸುಂದು ಗಂಜಿ ಚೆಲ್ದಂಗೆ ಅದೆ ಕಣ್ರವ್ವ, ಒಂದ್ಸತಿ ಜಾಡುಸ್ಬುಟ್ರೆ ಆಯ್ತು." ನೀರಿನ ಹತ್ತಿರ ಸೇರಿದ ಹೆಂಗಸರೆಲ್ಲ ಹೊಟ್ಟೆಕಿಚ್ಚು ಪಟ್ಟರಂತೆ. ಉಚ್ಚೆ ಮಾಡಿದ ಬಟ್ಟೆಗೆ ಮಾತ್ರ ಸ್ವಲ್ಪ ಹಳದಿ ಉಳಿಯುತ್ತೆ, ಅದು ಮೈಯಿಂದ ಇಳಿದ ಅರಿಶಿನ.

ಅಣ್ಣ ಕನಕರಾಜು ಹೊಗೆಸೊಪ್ಪಿನ ಹರಾಜಿಗೆ ಓಡಾಡುತ್ತಿದ್ದಾನೆ, ಮನೆಯಲ್ಲಿ ಸಿಗುವುದೇ ಇಲ್ಲ. ಈ ಕಾಗದವನ್ನು ಹುಣಸೂರಲ್ಲಿ ಅವನೇ ಪೋಸ್ಟಿಗೆ ಹಾಕಬೇಕು. ನಿಮ್ಮ ಮಗ ಈಗ ಎಲ್ಲಿದ್ದಾರೋ ನನಗೂ ಸರಿಯಾಗಿ ಗೊತ್ತಿಲ್ಲ.

ರಮ್ಯಾ

•

ಹೊಸ ಅಗ್ರಹಾರ
16 ಫೆಬ್ರವರಿ 2024

ರಮ್ಯಾಗೆ ಆಶೀರ್ವಾದ.

ಅಕ್ಷರಕ್ಕೆ ಹತ್ತಕ್ಕೆ ಆರು.

ಬಟ್ಟೆಯ ಸಮಾಚಾರ ಓದಿ ಒಬ್ಬಳೇ ಕೂತು ನಕ್ಕೆ. ಬೀಗಿತ್ತಿಯವರಿಗೆ ಹೇಳು, ಸೋಪಿನ ಕಂಪನಿಯವರಿಗೆ ಈ ವಿಷಯ ಗೊತ್ತಾದರೆ ಅವರ ಮೇಲೆ ಕೇಸು ಹಾಕುತ್ತಾರೆ. ನನ್ನ ಮಗ ಹಾಳು ಮಾಡಿದ ಬಟ್ಟೆಗಳಿಗೆ ಲೆಕ್ಕವಿಲ್ಲ. ಮೊಮ್ಮಗ ಮರ್ಯಾದಸ್ಥ.

ತೂಕ ಏರುತ್ತಿದೆ, ಹಾಲು ಕುಡಿಯುತ್ತೆ ಅಂದಮೇಲೆ ನನಗೇನೂ ಯೋಚನೆಯಿಲ್ಲ. ಒಂದೂವರೆ ತಿಂಗಳಿಗೆ ಚುಚ್ಚುಮದ್ದು ಬರುತ್ತೆ, ತಪ್ಪಿಸಬೇಡ. ಮೂರನೇ ತಿಂಗಳಿಗೆ ಕರೆದುಕೊಂಡು ಬರಬಹುದು ಅಂತ ನಾನು ಅಂದುಕೊಂಡಿದ್ದೇನೆ. ನಿನ್ನ ಅವ್ವ ಐದು ಅನ್ನುತ್ತಾರೆ. ಅದನ್ನು ಆಮೇಲೆ ನೋಡೋಣ.

ಇಲ್ಲಿ ದಿನ ಹೋಗುವುದಿಲ್ಲ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತೇನೆ.

ಪ್ರಮೀಳಾ

•

ಗುರುಪುರ
26 ಫೆಬ್ರವರಿ 2024

ಅತ್ತೆಗೆ ನಮಸ್ಕಾರ.

ದೊಡ್ಡಪ್ಪ ಸಣ್ಣಬೀರಯ್ಯನವರು ಹೋದ ಮಂಗಳವಾರ ತೀರಿಕೊಂಡರು. ವಯಸ್ಸಾಗಿತ್ತು, ನರಳಲಿಲ್ಲ. ಅಪ್ಪ ಹೋದಮೇಲೆ ನಮ್ಮ ಮನೆಗೆ ಅವರೇ ಹಿರಿಯರು. ಅಣ್ಣ ನಿಮಗೆ ಹೇಳಿಕಳಿಸಿದ್ದಾನೆ ಅಂದುಕೊಂಡಿದ್ದೇನೆ.

ಹನ್ನೊಂದು ದಿನ ಸೂತಕ. ನನಗೂ ಕೂಸಿಗೂ ಇಲ್ಲ, ನಾವು ನಿಮ್ಮ ಮನೆಗೆ ಸೇರಿದವರು. ಆದರೆ ಅವ್ವನಿಗೆ ಉಂಟು. ಅವಳು ಎಣ್ಣೆ ಅರಿಶಿನ ಮುಟ್ಟುವಂತಿಲ್ಲ, ನೀರು ಹಾಕುವವಳು ಅವಳೇ ಆದ್ದರಿಂದ ಕೂಸಿಗೂ ಬರೀ ನೀರಿನ ಸ್ನಾನ. ಚುಚ್ಚುಮದ್ದಿನ ದಿನ ಬಂದಿತ್ತು, ಸೂತಕ ಕಳೀಲಿ ಅಂದಳು.

ಅತ್ತೆ, ಆರು ದಿನದಿಂದ ಅರಿಶಿನ ಸೋಕಿಸಿಲ್ಲ. ಹಳದಿ ಹೋಗಿಲ್ಲ.

ಮೊದಲೆರಡು ದಿನ ಹಳೆಯದು ಉಳಿದಿರಬೇಕು ಅಂದುಕೊಂಡೆ. ನಿನ್ನೆ ಮನೆಯವರೆಲ್ಲ ದೊಡ್ಡಪ್ಪನ ಮನೆಗೆ ಹೋಗಿದ್ದಾಗ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಬಂದೆ. ಬೆಳಕಲ್ಲಿ ಅವನ ಮುಖ ನೋಡಿದ್ದೇ ಅವತ್ತು. ಸೋಪು ಹಾಕಿ ಅವನ ಕೈ ತೊಳೆದೆ, ಆಗಲೂ ಹಳದಿ. ಕಣ್ಣಿನ ರೆಪ್ಪೆ ಎತ್ತಿದೆ, ಬೆಳ್ಳಗಿರಬೇಕಾದ ಜಾಗವೂ ಹಳದಿ. ಅಲ್ಲಿಗೆ ಯಾರೂ ಅರಿಶಿನ ಹಚ್ಚುವುದಿಲ್ಲವಲ್ಲ.

ಇವತ್ತು ಬೆಳಿಗ್ಗೆ ಅವ್ವನಿಗಿಂತ ಮುಂಚೆ ಎದ್ದು ಬಟ್ಟೆ ಬಿಚ್ಚಿ ನೋಡಿದೆ. ಕಕ್ಕ ಬೆಳ್ಳಗೆ ಇದೆ, ಅಕ್ಕಿಹಿಟ್ಟು ಕಲಸಿಟ್ಟ ಹಾಗೆ. ಅವ್ವನಿಗೆ ತೋರಿಸಿದರೆ, "ಆಲ್ ಕುಡಿಯೋ ಕೂಸು ಆಲ್ನಂಗೇ ಓಯ್ತದೆ ಕಣವ್ವ, ಬುಡು. ನೀನ್ಯಾಕೆ ನೀರ್ ಮುಟ್ಟೋಕ್ ಬಂದೆ" ಅಂತ ನನ್ನನ್ನೇ ಬೈದಳು.

ಅಂಗನವಾಡಿಯಲ್ಲಿ ಇಂಥದ್ದು ನೋಡಿದ್ದೀರಾ? ಸೂತಕ ಕಳೆದ ಮೇಲೆ ತೋರಿಸೋಣ ಅಂತಾಳೆ ಅವ್ವ. ನಿಮ್ಮ ಮಾತು ಬಂದರೆ ಅವಳು ಕೇಳುತ್ತಾಳೆ. ನನಗೇನೂ ಭಯವಿಲ್ಲ, ಸುಮ್ಮನೆ ಕೇಳುತ್ತಿದ್ದೇನೆ.

ರಮ್ಯಾ

•

ಹೊಸ ಅಗ್ರಹಾರ
29 ಫೆಬ್ರವರಿ 2024

ರಮ್ಯಾ,

ಕಾಗದ ಈಗ ಬಂತು. ಈ ಉತ್ತರಕ್ಕೆ ಕಾಯಬೇಡ ಅಂತ ಬರೆಯುವುದು ಹುಚ್ಚುತನ, ಆದರೂ ಬರೆಯುತ್ತಿದ್ದೇನೆ. ಮೂರ್ತಿಯ ಕೈಲಿ ಫೋನು ಮಾಡಿಸಿದೆ. ನಿನ್ನದು ಸ್ವಿಚ್ ಆಫ್. ಕನಕರಾಜು ಎತ್ತಲಿಲ್ಲ. ಎತ್ತುವ ತನಕ ಮಾಡುತ್ತಿರು ಅಂತ ಮೂರ್ತಿಯನ್ನು ಇಲ್ಲೇ ಎದುರಿಗೆ ಕೂರಿಸಿಕೊಂಡಿದ್ದೇನೆ.

ಸೂತಕ ಮುಗಿಯುವುದು ಬೇಡ. ಆಸ್ಪತ್ರೆಗೆ ಹೋಗು. ಕಾಮಾಲೆಗೆ ಸೊಪ್ಪು ಅರೆದು ಕೊಡುವವರ ಹತ್ತಿರ ಹೋಗಬೇಡ, ಬರೆ ಹಾಕಿಸುತ್ತೇವೆ ಅಂದರೆ ಬಾಗಿಲು ಹಾಕಿಕೋ. ಕೂಸಿನ ಬಟ್ಟೆಯನ್ನು ಒಗೆಯದೆ ಕವರಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸು. ಬೆಳ್ಳಗಿನದನ್ನು ನಾನು ನೋಡಿಲ್ಲ. ಹೀಗಿದ್ದರೆ ಕಳಿಸಿ ಅಂತ ಒಂದು ಸಲ ತರಬೇತಿಯಲ್ಲಿ ಹೇಳಿದ್ದು ಮಾತ್ರ ಈಗ ನೆನಪಿಗೆ ಬರುತ್ತಿದೆ.

ಬಿಸಿಲಿನ ವಿಷಯ ಬರೆದಿದ್ದೆ. ಅದನ್ನು ಬಿಟ್ಟುಬಿಡು.

ಮೂರ್ತಿ ಕೈ ಆಡಿಸುತ್ತಿದ್ದಾನೆ, ಯಾರೋ ಸಿಕ್ಕಿದ ಹಾಗಿದೆ. ಅವರು ಏನು ಹೇಳುತ್ತಿದ್ದಾರೋ ನನಗೆ ಕೇಳಿಸುವುದಿಲ್ಲ.

ಪ್ರಮೀಳಾ

•

ಬೆಂಗಳೂರು
4 ಮಾರ್ಚ್ 2024

ಅತ್ತೆಗೆ ನಮಸ್ಕಾರ.

ಮೂರ್ತಿ ಅಣ್ಣ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ನಿಮ್ಮತ್ತೆ ಕೋಲ್ ಎತ್ಕಂಡು ಕೂತವ್ರೆ, ಮೊದ್ಲು ಆಸ್ಪತ್ರೆಗೋಗು." ನಮ್ಮಣ್ಣ ಅವತ್ತೇ ಹುಣಸೂರಿಗೆ ಕರೆದುಕೊಂಡು ಹೋದ. ಅಲ್ಲಿ ರಕ್ತ ತೆಗೆದರು, ಬಟ್ಟೆ ನೋಡಿದರು, ನಮ್ಮನ್ನು ಕೂರಲೂ ಬಿಡದೆ ಮೈಸೂರಿಗೆ ಬರೆದುಕೊಟ್ಟರು. ಮೈಸೂರಿನವರು ಸ್ಕ್ಯಾನ್ ಮಾಡಿ ಇಲ್ಲಿಗೆ ಕಳಿಸಿದರು. ಮಕ್ಕಳ ಆಸ್ಪತ್ರೆ. ಅವ್ವನೂ ಜೊತೆಗಿದ್ದಾಳೆ. ನಿಮ್ಮ ಮಗ ಲೋಡನ್ನು ದಾರಿಯಲ್ಲೇ ಬೇರೆ ಡ್ರೈವರಿಗೆ ಒಪ್ಪಿಸಿ ನಿನ್ನೆ ಬಂದರು.

ನೀವು ವಿವರ ಕೇಳುತ್ತೀರಿ ಅಂತ ಡಾಕ್ಟರಮ್ಮನನ್ನು ಎರಡು ಸಲ ಕೇಳಿ ತಿಳಿದುಕೊಂಡೆ. ರಕ್ತದ ಕೆಂಪು ಕಣಗಳಿಗೂ ಆಯಸ್ಸು ಉಂಟಂತೆ. ಹಳೆಯವು ಒಡೆದಾಗ ಉಳಿಯುವ ಕಸವೇ ಈ ಹಳದಿ. ಅದು ನೀರಿನಲ್ಲಿ ಕರಗುವಂಥದ್ದಲ್ಲ, ಹಾಗಾಗಿ ತಾನಾಗಿ ಹೊರಗೆ ಹೋಗಲಾರದು. ಲಿವರ್ ಅದನ್ನು ರಕ್ತದಿಂದ ಒಳಗೆಳೆದುಕೊಂಡು, ಸಕ್ಕರೆಯ ಜಾತಿಯದೊಂದನ್ನು ಅಂಟಿಸಿ ಕರಗುವ ಹಾಗೆ ಮಾಡುತ್ತೆ. ಆಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳೊಳಕ್ಕೆ ತಳ್ಳುತ್ತೆ. ಅದು ಸುಮ್ಮನೆ ಸೋರುವುದಲ್ಲ, ಲಿವರ್ ತನ್ನ ಬಲ ಹಾಕಿ ದಬ್ಬಬೇಕಂತೆ. ಹಾಗೆ ದಬ್ಬಿದ್ದೆಲ್ಲ ಸೇರಿ ಪಿತ್ತರಸ. ಸಣ್ಣ ನಾಳ ಸೇರಿ ದೊಡ್ಡದಾಗಿ ಕರುಳಿಗೆ ಬೀಳುತ್ತೆ. ಮಲಕ್ಕೆ ಬಣ್ಣ ಬರುವುದೇ ಅದರಿಂದ.

ಕೂಸಿನ ಲಿವರ್ ತನ್ನ ಕೆಲಸ ಮಾಡಿದೆ. ಹೊರಗಿನ ನಾಳ ಮುಚ್ಚಿಹೋಗಿದೆ. ಕರುಳಿಗೆ ಒಂದು ಹನಿಯೂ ಬಿದ್ದಿಲ್ಲ, ಅದಕ್ಕೇ ಬಟ್ಟೆ ಬೆಳ್ಳಗೆ. ಕರಗಿಸಿಟ್ಟ ಹಳದಿ ವಾಪಸ್ಸು ರಕ್ತಕ್ಕೇ ಬಂದು ಉಚ್ಚೆಯಲ್ಲಿ ಅಷ್ಟಿಷ್ಟು ಹೋಗುತ್ತಿತ್ತು. ಇಷ್ಟು ಸಣ್ಣ ಕೂಸಿನ ಉಚ್ಚೆ ನೀರಿನ ಹಾಗಿರಬೇಕಂತೆ. ನಾವು ಅದನ್ನೂ ಅರಿಶಿನ ಅಂದುಕೊಂಡೆವು. ಬಿಸಿಲಿಗೆ ಇಳಿಯುವುದು ಲಿವರ್ ಇನ್ನೂ ಮುಟ್ಟದ ಹಳದಿ, ಇದು ಲಿವರ್ ದಾಟಿ ಬಾಗಿಲಲ್ಲಿ ನಿಂತದ್ದು. ಚುಂಚನಕಟ್ಟೆ ನಾಲೆಯ ಕೊನೆ ಕಟ್ಟಿಕೊಂಡರೆ ಮೇಲಿನ ಗದ್ದೆಯಲ್ಲಿ ನೀರು ನಿಂತು ಪೈರು ಕೊಳೆಯುತ್ತಲ್ಲ, ಹಾಗೆ ಪಿತ್ತ ನಿಂತು ಲಿವರೇ ಹಾಳಾಗುತ್ತೆ.

ಗುರುವಾರ ಆಪರೇಷನ್. ಮುಚ್ಚಿದ ನಾಳ ಕತ್ತರಿಸಿ ತೆಗೆದು, ಕರುಳಿನ ಒಂದು ತುಂಡನ್ನು ಮೇಲಕ್ಕೆ ತಂದು ಲಿವರಿಗೇ ನೇರ ಹೊಲಿಯುತ್ತಾರೆ. ಎರಡು ತಿಂಗಳೊಳಗೆ ಮಾಡಿದರೆ ಪಿತ್ತ ಹರಿಯುವ ಸಂಭವ ಹೆಚ್ಚು, ತಡವಾದಷ್ಟೂ ಕಡಿಮೆ. ಇವನಿಗೆ ಎರಡು ತಿಂಗಳು ತುಂಬಲು ಇನ್ನೊಂದು ವಾರವಿದೆ. ಹರಿಯದಿದ್ದರೆ ಬೇರೆಯವರ ಲಿವರಿನ ತುಂಡು ಹಾಕಬೇಕಾಗುತ್ತೆ, ಆ ಮಾತು ಈಗ ಬೇಡ ಅಂದರು. ಒಪ್ಪಿಗೆಗೆ ನಾನೇ ಸಹಿ ಮಾಡಿದೆ. ನಿಮ್ಮನ್ನು ಕೇಳಲು ಪುರುಸೊತ್ತಿರಲಿಲ್ಲ.

ಅವ್ವನಿಗೆ ಕುರಿಯ ಲೆಕ್ಕದಲ್ಲಿ ಹೇಳಿದೆ. ಈಲಿಗೆ, ಅಂದರೆ ಲಿವರಿಗೆ, ಅಂಟಿಕೊಂಡ ಪಿತ್ತದ ಚೀಲ ಒಡೆಯದ ಹಾಗೆ ತೆಗೆಯುತ್ತಾರಲ್ಲ, ಆ ಪಿತ್ತ ಅಂತ. ತಲೆಯಾಡಿಸಿದಳು.

ರಮ್ಯಾ

•

ಹೊಸ ಅಗ್ರಹಾರ
5 ಮಾರ್ಚ್ 2024

ರಮ್ಯಾಗೆ.

ನಿನ್ನಿಂದ ಕಾಗದವಿಲ್ಲ. ಮೂರ್ತಿ ಒಂದು ಚೀಟಿ ಬರೆದುಕೊಟ್ಟು ಹೋದ: "ಮಗುವಿಗೆ ಲಿವರ್ ತೊಂದರೆ. ಬೆಂಗಳೂರು. ಆಪರೇಷನ್. ಬಟ್ಟೆ ಬೆಳ್ಳಗಿದ್ದದ್ದು ಅದಕ್ಕೇ." ನಾಲ್ಕು ಸಾಲು. ಇದರ ಮೇಲೆ ನಾನು ದಿನ ತಳ್ಳಬೇಕು. ಯಾವ ಆಸ್ಪತ್ರೆ, ಯಾವ ವಾರ್ಡು, ಗೊತ್ತಿಲ್ಲ. ಗುರುಪುರಕ್ಕೇ ಹಾಕುತ್ತಿದ್ದೇನೆ, ಕನಕರಾಜು ತಂದುಕೊಡಲಿ.

ನನಗೆ ಭಯವಾಗಿದೆ. ನಾನಿನ್ನೂ ಅವನ ಮುಖ ನೋಡಿಲ್ಲ. ಪ್ಲಾಸ್ಟರ್ ಒಡೆದುಕೊಂಡಾದರೂ ಬರುತ್ತೇನೆ ಅಂದರೆ ಮೂರ್ತಿಯ ಹೆಂಡತಿ ಕೋಲು ಕಿತ್ತಿಟ್ಟುಕೊಂಡಿದ್ದಾಳೆ.

ಒಂದು ಮಾತು ಕೇಳುತ್ತೇನೆ. ನಿನ್ನ ಅವ್ವನ ಕಣ್ಣು ಎಲ್ಲಿಗೆ ಹೋಗಿತ್ತು? ದಿನಾ ಬೆಳಗೆದ್ದು ಆ ಬಟ್ಟೆ ಒಗೆದವರು ಅವರು. ಊರೆಲ್ಲ ಡಂಗುರ ಹೊಡೆಯಲು ಪುರುಸೊತ್ತಿತ್ತು, ಒಬ್ಬ ನರ್ಸಿಗೆ ತೋರಿಸಲು ಇರಲಿಲ್ಲ. ಹತ್ತು ಮಕ್ಕಳಿಗೆ ನೀರು ಹಾಕಿದ ಕೈ ಅಂತ ನಂಬಿ ಕೂಸನ್ನು ಬಿಟ್ಟೆವು. ಅರಿಶಿನ ಬಳಿದು ಬಳಿದು ರೋಗ ಮುಚ್ಚಿಟ್ಟರು. ಅಂಥವರ ಕೈಗೆ ಕೊಟ್ಟದ್ದು ನಮ್ಮ ತಪ್ಪು.

ಇದನ್ನು ಅವರಿಗೆ ಓದಿ ಹೇಳಬೇಡ.

ಪ್ರಮೀಳಾ

•

ಬೆಂಗಳೂರು
17 ಮಾರ್ಚ್ 2024

ಅತ್ತೆಗೆ.

ಮೊದಲು ಕೂಸಿನ ವಿಷಯ. ಆಪರೇಷನ್ ಐದು ಗಂಟೆ ಹಿಡಿಯಿತು. ಹೊಟ್ಟೆ ತೆರೆದು ನೋಡಿದಾಗ ನಾಳ ಒಣಗಿದ ದಾರದ ಹಾಗಿತ್ತಂತೆ. ಆಮೇಲೆ ದಿನಾ ಬಟ್ಟೆ ಬಿಚ್ಚಿ ನೋಡುವುದೇ ಎಲ್ಲರ ಕೆಲಸ. ಮೂರು ದಿನ ಏನೂ ಇಲ್ಲ. ನಿಮ್ಮ ಮಗ ನೆಲ ನೋಡಿಕೊಂಡು ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ನಾಲ್ಕನೆಯ ದಿನ ಪಾಚಿ ಬಣ್ಣದ್ದು ಸ್ವಲ್ಪ ಕಂಡಿತು. ನರ್ಸಮ್ಮ "ಬಂತು!" ಅಂತ ಕೂಗಿದರು, ಪಕ್ಕದ ಹಾಸಿಗೆಯವರೂ ಎದ್ದು ಬಂದು ಬಗ್ಗಿ ನೋಡಿದರು. ನಿಮ್ಮ ಮಗ ಅಳುತ್ತಾ ಅಳುತ್ತಾ ಆ ಬಟ್ಟೆಯ ಫೋಟೋ ತೆಗೆದು ಲಾರಿ ಡ್ರೈವರುಗಳಿಗೆಲ್ಲ ಕಳಿಸಿದರು. ಈಗ ನಿನ್ನೆಯಿಂದ ಸಾಸಿವೆ ಅರೆದ ಬಣ್ಣ. ಕಣ್ಣಿನ ಹಳದಿ ನಿಧಾನಕ್ಕೆ ಇಳಿಯುತ್ತಂತೆ. ಮುಂದೆ ಏನು ಅಂತ ಈಗಲೇ ಹೇಳಲಾಗದು, ತಿಂಗಳು ತಿಂಗಳು ತೋರಿಸಬೇಕು, ಜ್ವರ ಬಂದರೆ ಒಂದು ಗಂಟೆಯೂ ತಡ ಮಾಡಬಾರದು. ಆದರೆ ಪಿತ್ತ ಹರಿಯುತ್ತಿದೆ. ಅವನು ಬದುಕಿದ್ದಾನೆ.

ಈಗ ಅವ್ವನ ವಿಷಯ.

ಇಲ್ಲಿ ತಾಯಿಯ ಜೊತೆ ಒಬ್ಬರಿಗೆ ಮಾತ್ರ ಜಾಗ. ಆಪರೇಷನ್ ಆದ ಮಾರನೆಯ ದಿನ ಅವಳನ್ನು ಊರಿಗೆ ಕಳಿಸಿದೆವು, ನಾಲ್ಕು ದಿನ ಬಿಟ್ಟು ಬಾ ಅಂತ. ಅವಳು ಹೋದಾಗ ನಿಮ್ಮ ಕಾಗದ ಬಂದಿತ್ತು. ಏನೋ ಅವಸರದ್ದಿರಬೇಕು ಅಂತ ಅಣ್ಣ ಒಡೆದ. ಅವ್ವ "ಏನ್ ಬರ್ದವ್ರೆ, ಓದ್ಲಾ" ಅಂದಳು. ಅವನು ಓದಿದ. ನಡುವೆ ನಿಲ್ಲಿಸಲು ಅವನಿಗೆ ತೋಚಲಿಲ್ಲವಂತೆ. ಓದಿ ಹೇಳಬೇಡ ಅನ್ನುವ ಸಾಲನ್ನೂ ಓದಿದನಂತೆ.

ಅವ್ವ ವಾಪಸ್ಸು ಬರಲಿಲ್ಲ. ಫೋನಿಗೆ ಬರುವುದಿಲ್ಲ. ಹಿಂದಿನ ಬೀದಿಯ ಚಿಕ್ಕಸಿದ್ದಮ್ಮನ ಮಗಳಿಗೆ ಹೆರಿಗೆಯಾಗಿದೆ, ನೀರು ಹಾಕಲು ಕರೆದರೆ ಹೋಗಲಿಲ್ಲವಂತೆ. "ನನ್ ಕೈ ಒಳ್ಳೇದಲ್ಲ ಕಣವ್ವ, ಬ್ಯಾರೆಯವ್ರನ್ ಕರ್ಕೊ" ಅಂದಳಂತೆ. ನಮ್ಮ ಬೀದಿಯ ಮಕ್ಕಳಿಗೆಲ್ಲ ನೀರು ಹಾಕಿದವಳು ಅವಳು.

ನಾನು ನಿಮಗೆ ಬರೆಯದ ಒಂದು ವಿಷಯವಿದೆ. ಇಲ್ಲಿ ಸೇರಿಸಿದ ದಿನ, ಮಲ ಯಾವಾಗಿನಿಂದ ಬೆಳ್ಳಗಿದೆ ಅಂತ ಡಾಕ್ಟರಮ್ಮ ಕೇಳಿದರು. ನನಗೆ ಗೊತ್ತಿರಲಿಲ್ಲ, ನಾನು ನೋಡಿಯೇ ಇರಲಿಲ್ಲ. ಅವ್ವ ಮುಂದೆ ಬಂದು, "ಮೊದ್ಲ ಎಂಟ್ ದಿನ ಅರಿಶಿಣದಂಗಿತ್ತು ತಾಯಿ, ಆಮೇಕೆ ಬೆಳ್ಳಗಾಯ್ತು. ನಾನೇ ಒಗೆದೋಳು. ನಾನೇ ಚೆಂದ ಅಂದೋಳು" ಅಂದಳು. ಡಾಕ್ಟರಮ್ಮ ಬೈಯಲಿಲ್ಲ. ಇದು ಯಾರ ಕೈಯಿಂದಲೂ ಬರುವುದಲ್ಲ, ಅರಿಶಿನದಿಂದಲೂ ಅಲ್ಲ ಅಂತ ಸಮಾಧಾನ ಹೇಳಿದರು. ಅವತ್ತಿನಿಂದ ಅವಳು ಕೂಸನ್ನು ಮುಟ್ಟಿಲ್ಲ. ಅದರ ಮೇಲೆ ನಿಮ್ಮ ಕಾಗದ.

ನನಗೆ ನಿಮ್ಮ ಮೇಲೆ ಬಹಳ ಸಿಟ್ಟು ಬಂದಿದೆ, ಅತ್ತೆ. ಸ್ಲೇಟಾದರೆ ಒರೆಸಿಬಿಡಬಹುದಿತ್ತು. ಬಟ್ಟೆ ಹೀಗಿದೆ ಅಂತ ನಾನು ಫೆಬ್ರವರಿ ಹತ್ತನೇ ತಾರೀಖು ನಿಮಗೆ ಬರೆದಿದ್ದೆ. ಉಚ್ಚೆಯ ಕಲೆಯನ್ನೂ ಬರೆದಿದ್ದೆ. ನೀವು ಸೋಪಿನ ತಮಾಷೆ ಬರೆದಿರಿ. ಅವಳಿಗೆ ಓದು ಬರಹ ಇಲ್ಲ. ನಿಮಗೆ ಯಾವ ನೆಪವಿತ್ತು?

ಹೀಗೆ ಬರೆದದ್ದಕ್ಕೆ ಕ್ಷಮಿಸಿ. ಇಲ್ಲ, ಕ್ಷಮೆ ಆಮೇಲೆ ಕೇಳುತ್ತೇನೆ.

ರಮ್ಯಾ

•

ಹೊಸ ಅಗ್ರಹಾರ
22 ಮಾರ್ಚ್ 2024

ಕನಕರಾಜು,

ಇದನ್ನು ನಿನ್ನ ಅವ್ವನ ಮುಂದೆ ಕೂತು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದು. ಏನೂ ಬಿಡಬೇಡ. ಹೋದ ಸಲ ಚೆನ್ನಾಗಿ ಓದಿದೆಯಂತೆ.

ಚಿಕ್ಕಬೀರಮ್ಮನವರಿಗೆ ಪ್ರಮೀಳಾ ಮಾಡುವ ನಮಸ್ಕಾರ.

ಬೀಗಿತ್ತಿಯವರೇ, ನಿಮಗೆ ನಾನು ಬರೆಯುವ ಮೊದಲನೆಯ ಕಾಗದ ಇದು. ಹೋದ ಕಾಗದ ನಿಮಗೆ ಬರೆದದ್ದಲ್ಲ, ಆದರೆ ನಿಮಗೇ ತಾಗಿತು. ಅದರಲ್ಲಿದ್ದ ಮಾತು ತಪ್ಪು. ಭಯಕ್ಕೆ ಬಾಯಿಗೆ ಬಂದದ್ದೆಲ್ಲ ಬರೆದೆ. ವಾಪಸ್ಸು ತೆಗೆದುಕೊಳ್ಳುತ್ತೇನೆ.

ಬಟ್ಟೆಯನ್ನು ನೀವು ಕಣ್ಣಲ್ಲಿ ನೋಡಿದಿರಿ, ನಾನು ಕಾಗದದಲ್ಲಿ ಓದಿದೆ. ಬೆಳ್ಳಗಿದ್ದರೆ ಕೆಟ್ಟದ್ದು ಅಂತ ನಿಮಗೆ ಯಾರೂ ಹೇಳಿರಲಿಲ್ಲ. ನನಗೆ ಸರ್ಕಾರದವರು ಕೂರಿಸಿ ಹೇಳಿದ್ದರು, ಚಹಾ ಕುಡಿದು ಬಂದೆ. ನಿಮ್ಮನ್ನು ಅಂದ ಮಾತು ಮೊದಲು ನನಗೆ ಸಲ್ಲಬೇಕು. ಅರಿಶಿನ ಹಚ್ಚಿದ್ದು ನೀವು, ನಿಮ್ಮ ಅವ್ವ, ನನ್ನ ಅವ್ವ, ಎಲ್ಲರೂ. ರೋಗ ಅದರಿಂದ ಬಂದದ್ದಲ್ಲ ಅಂತ ಡಾಕ್ಟರಮ್ಮ ನಿಮ್ಮ ಎದುರಿಗೇ ಹೇಳಿದ್ದಾರೆ. ಇನ್ನು ಮೇಲೆ ನೀವು ನೀರು ಹಾಕುವ ಕೂಸುಗಳ ಬಟ್ಟೆ ನೋಡಿ, ಬೆಳ್ಳಗಿದ್ದರೆ ಅವತ್ತೇ ಕಳಿಸಿ. ಅಷ್ಟು ಹೇಳಿದರೆ ಸಾಕು ನಿಮಗೆ.

ಚಿಕ್ಕಸಿದ್ದಮ್ಮನವರ ಮಗಳ ಕೂಸಿಗೆ ಯಾಕೆ ಹೋಗಲಿಲ್ಲ? ನಾಳೆಯೇ ಹೋಗಿ.

ಮುಂದಿನ ಶುಕ್ರವಾರ ಆಸ್ಪತ್ರೆಯಿಂದ ಬಿಡುತ್ತಾರೆ. ಮೂರ್ತಿಯ ಫೋನಿಗೆ ಚಲುವರಾಜು ಬರೆದು ಕಳಿಸಿದ್ದಾನೆ, ನಾನೇ ಓದಿದೆ. ಕೂಸನ್ನು ನೇರ ಇಲ್ಲಿಗೆ ಕರೆತರುತ್ತಾರೆ. ಹೊಟ್ಟೆಯ ಮೇಲೆ ಈ ಬದಿಯಿಂದ ಆ ಬದಿಗೆ ಹೊಲಿಗೆಯಿದೆ. ಒಣಗಿದೆ, ನೀರು ಹಾಕಬಹುದು ಅಂದಿದ್ದಾರೆ, ಉಜ್ಜುವಂತಿಲ್ಲ. ರಮ್ಯಾಗೆ ಆ ಹೊಟ್ಟೆ ಮುಟ್ಟಲು ಹೆದರಿಕೆ. ನನಗೋ, ಆ ಕೆಲಸವೇ ಬರುವುದಿಲ್ಲ. ಎಷ್ಟೋ ಕೂಸುಗಳನ್ನು ತಕ್ಕಡಿಗೆ ಹಾಕಿದ್ದೇನೆ, ಒಂದಕ್ಕೂ ನೀರು ಹಾಕಿಲ್ಲ. ನನ್ನ ಮಗನಿಗೂ ನನ್ನ ಅವ್ವನೇ ಹಾಕಿದ್ದು.

ಆದ್ದರಿಂದ ನೀವು ಬರಬೇಕು. ಬೀಗರ ಮನೆಯಲ್ಲಿ ಹೇಗೆ ಉಳಿಯುವುದು ಅಂತ ಯೋಚಿಸಬೇಡಿ. ಒಂದು ದಿನಕ್ಕಲ್ಲ, ತಿಂಗಳಿಗೆ ಬೇಕಾದ ಸೀರೆ ಹಿಡಿದುಕೊಂಡು ಬನ್ನಿ. ನನಗೆ ಕಿವಿ ಕೇಳಿಸುವುದಿಲ್ಲ, ನಿಮಗೆ ಬರೆಯಲು ಬರುವುದಿಲ್ಲ. ಬೈಯಬೇಕು ಅನ್ನಿಸಿದರೆ ಎದುರಿಗೆ ನಿಂತು ಬೈಯಿರಿ, ಮುಖ ನೋಡಿದರೆ ನನಗೆ ಗೊತ್ತಾಗುತ್ತೆ.

ಮೊನ್ನೆ ಪ್ಲಾಸ್ಟರ್ ಬಿಚ್ಚಿದರು. ಕೋಲು ಹಿಡಿದು ನಡೆಯುತ್ತೇನೆ. ನಾನಿನ್ನೂ ಅವನನ್ನು ಎತ್ತಿಕೊಂಡಿಲ್ಲ. ನೀವು ಬಂದು ಬಚ್ಚಲಲ್ಲಿ ಕಾಲು ಚಾಚಿ ಕೂತಮೇಲೆ, ನಿಮ್ಮ ಕಾಲಿನ ಮೇಲೆ ನಾನೇ ಮಲಗಿಸಿಕೊಡುತ್ತೇನೆ.

ಪ್ರಮೀಳಾ